ಶಿವಾಜಿನಗರಕ್ಕೆಲ್ಲ ಒಬ್ಬನೇ ಕೆಂಪರಾಜ್

ತಾಹೇರಾಳ ಅಂಗಡಿಗೆ ಬೋರ್ಡು ಇಲ್ಲ. ಇದ್ದದ್ದೊಂದು ಮೆಟ್ರೋ ಕೆಲಸದ ಧೂಳು ತಿಂದು, ಬಣ್ಣ ಬಿಟ್ಟು, ಒಂದು ದಿನ ತಾನಾಗಿಯೇ ಕಳಚಿ ಬಿತ್ತು. ಇನ್ನೊಂದು ಬರೆಸುವ ಗೋಜಿಗೆ ಅವಳು ಹೋಗಲಿಲ್ಲ. ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು "ದೇಗು ಬಾಡಿಗೆಗೆ ಎಲ್ಲಿ ಸಿಗುತ್ತೆ" ಎಂದು ಕೇಳಿದರೆ, ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡವನೂ ಗದ್ದ ಎತ್ತಿ ದಾರಿ ತೋರಿಸುತ್ತಾನೆ. ಗಲ್ಲಿಯ ಕೊನೆಯಲ್ಲಿ ತಗಡಿನ ಗೇಟು, ಒಳಗೆ ಕಲ್ಲು ಹಾಸಿದ ಅಂಗಳ, ಅಂಗಳದ ಸುತ್ತ ಮಕಾಡೆ ಮಲಗಿದ ತಾಮ್ರದ ದೇಗುಗಳು. ಮದುವೆಮನೆಯ ಬಿರಿಯಾನಿಯೆಲ್ಲ ಒಂದೇ ಪಾತ್ರೆಯಲ್ಲಿ ದಮ್ ಆಗಬೇಕೆಂದರೆ ಬೇಕಾಗುವ ಪಾತ್ರೆ ಅದು. ಹೊಟ್ಟೆ ಅಗಲ, ಬಾಯಿ ಕಿರಿದು, ಎತ್ತಬೇಕಾದರೆ ನಾಲ್ಕು ಗಟ್ಟಿಮುಟ್ಟಾದ ಆಳುಗಳು.

ಈ ಅಂಗಳಕ್ಕೆ ಅವಳು ಕೋಲಾರದಿಂದ ಮದುವಣಗಿತ್ತಿಯಾಗಿ ಬಂದಾಗ ಅದು ಇಷ್ಟು ಮೌನವಾಗಿರಲಿಲ್ಲ. ರಂಜಾನಿಗೆ ಮುಂಚಿನ ಮದುವೆಗಳ ತಿಂಗಳು ಶಾಬಾನ್ ಬಂತೆಂದರೆ ಗೇಟಿನ ಮುಂದೆ ತಳ್ಳುಗಾಡಿಗಳ ಸಾಲು ನಿಲ್ಲುತ್ತಿತ್ತು. ಪುಲಿಕೇಶಿನಗರಕ್ಕೆ ಎರಡು, ಟ್ಯಾನರಿ ರಸ್ತೆಗೆ ನಾಲ್ಕು ಎಂದು ಅವಳ ಗಂಡ ಮಂಜೂರ್ ಕೂಗುತ್ತಿದ್ದ. ದೇಗುಗಳು ಗಾಡಿಯ ಮೇಲೆ ಕುಲುಕುತ್ತ, ಒಂದಕ್ಕೊಂದು ತಾಗಿ ಗಂಟೆ ಬಾರಿಸುತ್ತ ಹೋಗುವಾಗ ಬೀದಿಯ ಮಕ್ಕಳು ಹಿಂದೆ ಓಡುತ್ತಿದ್ದರು. "ನಮ್ಮ ದೇಗಿನ ಅನ್ನ ತಿನ್ನದೆ ಈ ದಂಡಿನಲ್ಲಿ ಯಾರೂ ಗಂಡ ಹೆಂಡತಿ ಆಗಿಲ್ಲ" ಎನ್ನುವುದು ಮಂಜೂರನ ಜಂಬ. ದಂಡು ಎಂದರೆ ಇಡೀ ಕಂಟೋನ್ಮೆಂಟು; ಸ್ವಲ್ಪ ಉಪ್ಪು ಖಾರ ಹೆಚ್ಚಿದ್ದರೂ ಮಾತು ಪೂರ್ತಿ ಸುಳ್ಳಲ್ಲ.

ಮೊದಲ ಪೆಟ್ಟು ಮೆಟ್ರೋ ಸುರಂಗದ ಕೆಲಸದ್ದು. ರಸ್ತೆಗೆ ಅಡ್ಡ ತಗಡು ಬಿತ್ತು, ತಳ್ಳುಗಾಡಿ ಗಲ್ಲಿಗೆ ಬರುವುದೇ ನಿಂತಿತು. ಅಕ್ಕಪಕ್ಕದ ಅಂಗಡಿಯವರು ತಲೆಯ ಮೇಲೆ ಕೈ ಹೊತ್ತು ಕೂತರೆ, ತಾಹೇರಾ ಅರ್ಧ ದೇಗುಗಳನ್ನು ಪುಲಿಕೇಶಿನಗರದ ನಾದಿನಿಯ ಹಿತ್ತಲಿಗೆ ಸಾಗಿಸಿಬಿಟ್ಟಳು. ಅಲ್ಲಿಂದ ಗೂಡ್ಸ್ ಆಟೋ, ಇಲ್ಲಿಂದ ಬಿದಿರ ಗಳುವಿಗೆ ಕಟ್ಟಿ ಹೆಗಲ ಮೇಲೆ ಹೊರುವುದು. ಆಮೇಲೆ ಲಾಕ್‌ಡೌನ್ ಬಂತು, ಮದುವೆಗಳೇ ನಿಂತವು. ಊರಿಗೆ ನಡೆದು ಹೊರಟವರಿಗೆ ಅನ್ನ ಬೇಯಿಸುತ್ತಿದ್ದ ಯಾರೇ ಬಂದು ಕೇಳಲಿ, ಮಸೀದಿಯವರಾಗಲಿ ಚರ್ಚಿನವರಾಗಲಿ, ಅವಳು ಬಾಡಿಗೆ ಇಲ್ಲದೆ ದೇಗು ಕೊಟ್ಟಳು. "ಕೂತ ದೇಗಿಗೆ ಕಿಲುಬು, ಓಡಾಡೋ ದೇಗಿಗೆ ಹೆಸರು" ಎಂದು ಅದಕ್ಕೊಂದು ಲೆಕ್ಕಾಚಾರವನ್ನೂ ಹೇಳಿದಳು. ಕೊರೋನಾದ ಎರಡನೇ ಅಲೆಯಲ್ಲಿ ಮಂಜೂರ್ ಹೋದ. ನಲವತ್ತು ದಿನ ಅವಳು ಅಂಗಳಕ್ಕೆ ಇಳಿಯಲಿಲ್ಲ. ಆಮೇಲೆ ಇಳಿದಳು. ಇಳಿಯದೆ ಇನ್ನೇನು ಮಾಡುವುದು?

ಇಷ್ಟೆಲ್ಲ ಕಂಡ ಮೇಲೆ ತಾಹೇರಾಳದ್ದು ಒಂದು ಪದ್ಧತಿಯಾಯಿತು. ಯಾವುದಿದ್ದರೂ ಎರಡು ಕಡೆ ಇರಬೇಕು. ಸೌದೆಗೆ ಹಲಸೂರಿನ ಡಿಪೋ ಒಂದು, ಕೆ.ಆರ್. ಪುರದ್ದು ಒಂದು. ಗೂಡ್ಸ್ ಆಟೋದವರು ಇಬ್ಬರು, ಅವರಿಬ್ಬರಿಗೂ ತಮ್ಮ ತಮ್ಮಲ್ಲಿ ಮಾತಿಲ್ಲ, ಅದೂ ಒಳ್ಳೆಯದೇ. ಮಗ ಮುದಸ್ಸಿರ್ ಕೆ.ಆರ್. ಪುರದಾಚೆ ಒಂದು ದೊಡ್ಡ ಗೋದಾಮಿನಲ್ಲಿ ಕೆಲಸ ಮಾಡುತ್ತಾನೆ. ಮೊಬೈಲಿನಲ್ಲಿ ಒತ್ತಿದರೆ ಬಾಗಿಲಿಗೆ ಸಾಮಾನು ಬರುತ್ತದಲ್ಲ, ಅಂಥ ಕಂಪನಿ. ಒಂದು ಕಡೆಯ ಲಾರಿ ಬರದಿದ್ದರೆ ಇನ್ನೊಂದನ್ನು ಎಲ್ಲಿಂದ ತರಿಸಬೇಕೆಂದು ನೋಡುವುದೇ ಅವನ ಉದ್ಯೋಗ. ಅವನು ತಾಯಿಯ ಏರ್ಪಾಡು ನೋಡಿ, ಮನೆಮಾತಾದ ದಖ್ಖನಿಯಲ್ಲಿ, "ಅಮ್ಮೀ, ನಮ್ ಮ್ಯಾನೇಜರ್‌ಗೆ ನೀವೇ ಬಂದು ಟ್ರೈನಿಂಗ್ ಕೊಡ್ಬೇಕು" ಎಂದು ನಗುತ್ತಿದ್ದ. ಒಮ್ಮೆ ಮಾತ್ರ ನಗದೆ ಕೇಳಿದ:

"ಎಲ್ಲಾ ಸರಿ. ಕೆಂಪರಾಜ್ ಅಂಕಲ್‌ಗೆ ಬ್ಯಾಕಪ್ ಯಾರು?"

"ಸೂರ್ಯಂಗೆ ಬ್ಯಾಕಪ್ ಯಾರೋ?" ಎಂದು ತಾಹೇರಾ ಅವನ ಬಾಯಿ ಮುಚ್ಚಿಸಿದಳು.

ಕೆಂಪರಾಜ್ ಎಂದರೆ ಕಲಾಯಿ ಕೆಂಪರಾಜ್. ತಾಮ್ರದ ಪಾತ್ರೆಯೊಳಗೆ ತವರದ ತೆಳು ಲೇಪ ಹಾಕದೆ ಅಡುಗೆ ಮಾಡುವಂತಿಲ್ಲ. ಮೊಸರು, ಟೊಮೇಟೊ, ನಿಂಬೆಹಣ್ಣು ಬರಿ ತಾಮ್ರಕ್ಕೆ ತಾಗಿದರೆ ಕಿಲುಬು ಏಳುತ್ತದೆ, ಉಂಡವರ ಹೊಟ್ಟೆ ಕೆಡುತ್ತದೆ. ಆ ಲೇಪವೇ ಕಲಾಯಿ. ವರ್ಷಕ್ಕೆ ಎರಡು ಮೂರು ಸಲ ಹೊಸದಾಗಿ ಹಾಕಿಸಲೇಬೇಕು. ಒಂದು ಕಾಲಕ್ಕೆ "ಪಾತ್ರೆಗೇ ಕಲಾಯೀ" ಎಂಬ ಕೂಗು ದಂಡಿನ ಎಲ್ಲ ಬೀದಿಗಳಲ್ಲೂ ಇತ್ತು. ಬೆನ್ಸನ್ ಟೌನಿನ ದೊರೆಸಾನಿಯರು ಕೇಕಿನ ಅಚ್ಚು ಕಳಿಸುತ್ತಿದ್ದರು, ಹಲಸೂರಿನ ಮೊದಲಿಯಾರ್ ಮನೆಗಳಿಂದ ಹಿತ್ತಾಳೆ ಗುಂಡಿಗಳು ಬರುತ್ತಿದ್ದವು. ಮರದ ಕೆಳಗೆ ಗುಣಿ ತೋಡಿ, ಇದ್ದಿಲು ಹಾಕಿ, ತಿದಿ ಒತ್ತುತ್ತ ಕೂತವನ ಸುತ್ತ, ತವರ ಹಿಡಿಯಲೆಂದು ಎರಚುವ ನವಸಾಗರದ ಪುಡಿಯ ಬಿಳಿ ಹೊಗೆ ಏಳುತ್ತಿತ್ತು. ಆ ಘಾಟು ಮೂಗಿಗೆ ಬಡಿದರೆ ಹಬ್ಬ ಹತ್ತಿರ ಬಂತೆಂದೇ ಅರ್ಥ. ಆಮೇಲೆ ಸ್ಟೀಲು ಬಂತು, ನಾನ್‌ಸ್ಟಿಕ್ ಬಂತು, ಕೂಗು ನಿಂತಿತು. ಉಳಿದದ್ದು ದೇಗಿನ ಮೂರು ನಾಲ್ಕು ಅಂಗಡಿಗಳು ಮತ್ತು ಅವಕ್ಕೆಲ್ಲ ಸೇರಿ ಹಲಸೂರಿನ ಒಬ್ಬ ಕೆಂಪರಾಜ್. ಅವನ ಅಪ್ಪನೂ ಇದೇ ಅಂಗಳದಲ್ಲಿ ಕಲಾಯಿ ಹಾಕಿದವನು. ಅವನು ತಾಹೇರಾಳಿಗೆ 'ಅಮ್ಮ' ಎನ್ನುತ್ತಾನೆ, ಅವಳು 'ಕೆಂಪರಾಜಣ್ಣ' ಎನ್ನುತ್ತಾಳೆ. ತವರ ಚಿಕ್ಕಪೇಟೆಯಿಂದ ಬರದಿದ್ದರೆ ಇಲ್ಲೇ ಇನ್ನೊಂದು ಅಂಗಡಿ, ನವಸಾಗರ ಎರಡು ಡಬ್ಬಿ ಯಾವಾಗಲೂ ತುಂಬಿರಬೇಕು ಎಂದೆಲ್ಲ ಏರ್ಪಾಡು ಮಾಡಿದ ಜಾಣೆ, ಅದನ್ನು ಹಚ್ಚುವ ಕೈ ಒಂದೇ ಎಂಬುದನ್ನು ಮಾತ್ರ ಎಂದೂ ಯೋಚಿಸಲಿಲ್ಲ. ಕಣ್ಣೆದುರಿಗೇ ಇದ್ದದ್ದು ಯಾರ ಕಣ್ಣಿಗೆ ಬೀಳುತ್ತದೆ?

ಹೋದ ವರ್ಷದ ಮಾತು. ಕೇಟರಿಂಗಿನವರು ಅಲ್ಯೂಮಿನಿಯಂ ಪಾತ್ರೆ, ಒಲೆ, ತಟ್ಟೆ, ಬಡಿಸುವ ಹುಡುಗರು ಎಲ್ಲವನ್ನೂ ಒಂದೇ ಲಾರಿಯಲ್ಲಿ ತಂದು ಇಳಿಸುವ ಕಾಲ. ದೇಗಿನ ಬಾಡಿಗೆ ಕೇಳಿಕೊಂಡು ಬರುವವರು ತೀರ ಕಡಿಮೆಯಾಗಿದ್ದರು. ಇತ್ತ ತಾಮ್ರದ ಬೆಲೆ ಏರಿತ್ತು, ಗುಜರಿಯವನು ವಾರಕ್ಕೊಮ್ಮೆ ಬಂದು ದೇಗುಗಳನ್ನು ಬೆರಳಿನಿಂದ ಬಡಿದು ನೋಡಿ ಹೋಗುತ್ತಿದ್ದ. ಮುದಸ್ಸಿರ್ ತಾಯಿಯ ಪಕ್ಕ ಕೂತು ಮೆಲ್ಲಗೆ ಹೇಳಿದ: "ಈ ಸೀಸನ್ ಒಂದು ನೋಡೋಣ ಅಮ್ಮೀ. ಆಗ್ಲಿಲ್ಲ ಅಂದ್ರೆ ಮಾರ್ಬಿಡೋಣ. ನಿಮ್ಮ ಮಂಡಿನೋವು ನೋಡೋಕಾಗಲ್ಲ ನಂಗೆ." ಮಗ ಕೆಟ್ಟವನಲ್ಲ, ಮಾತೂ ತಪ್ಪಲ್ಲ. ತಾಹೇರಾ ಒಪ್ಪಿದಳು. ಒಪ್ಪಿದ ಮೇಲೆ ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚುವ ನೆಪ ಮಾಡಿಕೊಂಡು ಚೆನ್ನಾಗಿ ಅತ್ತಳು.

ಆ ಸೀಸನ್ನಿನ ಆಸೆಯೆಲ್ಲ ಒಂದೇ ಮದುವೆಯ ಮೇಲೆ ನಿಂತಿತ್ತು. ಬೆನ್ಸನ್ ಟೌನಿನ ಶರ್ಫುನ್ನೀಸಾ ಬೇಗಂ ಎಂಬ ಹಿರಿಯಳ ಮೊಮ್ಮಗಳ ಮದುವೆ. ಆ ಮನೆಯಲ್ಲಿ ಯಾವ ಪಾತ್ರೆ ಇಳಿಯಿತೋ ಸುತ್ತಲಿನ ಹತ್ತು ಮನೆಗಳಲ್ಲೂ ಅದೇ ಇಳಿಯುತ್ತದೆ. ಮುದುಕಿ ಫೋನಿನಲ್ಲಿ ಆಣತಿ ಕೊಟ್ಟಳು: "ಅಲ್ಯೂಮಿನಿಯಂ ಬಿರಿಯಾನಿ ನನ್ನ ಮನೇಲಿ ಬೇಡ. ಆದ್ರೆ ತಾಹೇರಾ, ನಿನ್ನ ದೇಗು ಒಳಗಡೆ ಬೆಳ್ಳಿ ಹಾಗಿರ್ಬೇಕು. ಕಿಲುಬು ಕಂಡ್ರೆ ಗೇಟಿಂದಾನೇ ವಾಪಸ್ ಕಳಿಸ್ತೀನಿ, ಮುಲಾಜಿಲ್ಲ."

ದೇಗುಗಳ ಹಳೆಯ ಕಲಾಯಿ ಸವೆದು ಒಳಗೆ ಕೆಂಪು ಇಣುಕುತ್ತಿತ್ತು. ಕೆಂಪರಾಜನಿಗೆ ಹೇಳಿಕಳಿಸಿದಳು. ಬಂದದ್ದು ಕೆಂಪರಾಜ್ ಅಲ್ಲ, ಅವನ ಹೆಂಡತಿ ಅಮೃತಮ್ಮನ ಫೋನು. ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದ.

ತಾಹೇರಾ ಸೇಬು, ಬ್ರೆಡ್ಡು ಹಿಡಿದುಕೊಂಡು ಹಲಸೂರಿಗೆ ಹೋದಳು. ಸೋಮೇಶ್ವರನ ಗುಡಿಯ ಹಿಂದಿನ ಓಣಿಯಲ್ಲಿ ಒಂದು ಚಿಕ್ಕ ಮನೆ. ಇಷ್ಟು ವರ್ಷಗಳಲ್ಲಿ ಅವಳು ಆ ಹೊಸ್ತಿಲು ತುಳಿದದ್ದು ಅದೇ ಮೊದಲು. ಕೆಂಪರಾಜ್ ಹೆಗಲಿನವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು, ತನ್ನ ಕೈಯನ್ನೇ ಬೇರೆಯವರ ಸಾಮಾನಿನಂತೆ ನೋಡುತ್ತ ಕೂತಿದ್ದ.

"ಎರಡು ತಿಂಗಳು ಅಲ್ಲಾಡಿಸ್ಬಾರ್ದು ಅಂದವ್ರೆ ಡಾಕ್ಟ್ರು," ಎಂದಳು ಅಮೃತಮ್ಮ, ಕಾಫಿ ಲೋಟ ಕೊಡುತ್ತ. "ಆಮೇಲೂ ಮೊದಲಿನಂಗೆ ಆಗೋದು ಅನುಮಾನ ಅಂತೆ ತಾಹೇರಮ್ಮ."

"ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಮ್ಮ," ಎಂದ ಕೆಂಪರಾಜ್, ತಲೆ ತಗ್ಗಿಸಿಯೇ. "ಮದುವೆ ಕೆಲಸ, ನಿಲ್ಲಿಸ್ಬೇಡಿ."

"ಬೇರೆ ಯಾರಿದ್ದಾರೆ ಕೆಂಪರಾಜಣ್ಣ?"

ಅವನು ಯೋಚಿಸಿದ. ಯೋಚಿಸುತ್ತಲೇ ಇದ್ದ. ಮೈಸೂರು ರಸ್ತೆ ಕಡೆ ಒಬ್ಬನಿದ್ದ, ಸತ್ತ. ಶಾಂಪುರದವನು ಕಬ್ಬಿನ ಹಾಲಿನ ಗಾಡಿ ಇಟ್ಟುಕೊಂಡಿದ್ದಾನೆ, ಒಲೆ ಮುಟ್ಟಿ ಹತ್ತು ವರ್ಷ. ಲೋಟದಲ್ಲಿ ಕಾಫಿ ಆರಿತು, ಮೂರನೇ ಹೆಸರು ಬರಲಿಲ್ಲ.

ದಾರಿಯಲ್ಲೇ ಅವಳು ಪುಲಿಕೇಶಿನಗರದ ಅಫ್ಜಲ್‌ಗೆ ಫೋನು ಮಾಡಿದಳು. ಅವನದೂ ದೇಗಿನ ಅಂಗಡಿ, ವ್ಯಾಪಾರದಲ್ಲಿ ಪ್ರತಿಸ್ಪರ್ಧಿ, ಹಬ್ಬದಲ್ಲಿ ಮಾತ್ರ ನೆಂಟ. "ನಿಮ್ಮ ಕಲಾಯಿಯವನನ್ನ ಎರಡು ದಿನ ಕಳಿಸ್ತೀರಾ ಅಫ್ಜಲ್ ಭಾಯ್?" ಎಂದು ಕೇಳಿದಳು. "ಅದನ್ನೇ ನಿಮ್ಮನ್ನ ಕೇಳೋಣ ಅಂತಿದ್ದೆ ಆಪಾ," ಎಂದ. ಅಫ್ಜಲನ ಕಲಾಯಿಯವನೂ ಇದೇ ಕೆಂಪರಾಜ್; ಇವರಿಗೆ ಅವನು ನಮ್ಮವನು, ಅವರಿಗೂ ಅವನು ನಮ್ಮವನು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಲು ಹೊರಟವರು ತಾವೊಬ್ಬರೇ ಅಲ್ಲ, ಇಡೀ ದಂಡೇ ಸನಿಕೆ ಹಿಡಿದು ನಿಂತಿದೆ ಎಂದು ತಾಹೇರಾಳಿಗೆ ಆಗ ಗೊತ್ತಾಯಿತು. ಅಫ್ಜಲ್ ಆ ಸೀಸನ್ನಿಗೆ ಅಲ್ಯೂಮಿನಿಯಂ ತರಿಸುವುದೆಂದು ಆಗಲೇ ಮನಸ್ಸು ಮಾಡಿದ್ದ. ಒಂದು ಸಲ ತರಿಸಿದವರು ಮತ್ತೆ ತಾಮ್ರದ ಕಡೆ ತಿರುಗುವುದಿಲ್ಲ.

ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಮೂರನೆಯ ದಿನ ಬೆಳಗ್ಗೆ ಆಟೋ ಮಾಡಿಕೊಂಡು ಮತ್ತೆ ಹಲಸೂರಿಗೆ ಹೋದಳು.

"ಕೆಂಪರಾಜಣ್ಣ, ನಿಮ್ಮ ಕೈ ಬೇಡ, ಬಾಯಿ ಸಾಕು. ಬಂದು ಕೂತ್ಕೊಂಡು ಹೇಳಿ. ನಾನು ಹಾಕ್ತೀನಿ."

ಕೆಂಪರಾಜ್ ನಕ್ಕುಬಿಟ್ಟ. ನಕ್ಕಿದ್ದಕ್ಕೆ ಹೆಗಲು ನೊಂದು ಮುಖ ಕಿವುಚಿದ. "ಈ ವಯಸ್ಸಿನಲ್ಲಾ ಅಮ್ಮ? ಕೈ ಸುಟ್ಕೋತೀರ."

"ನಲವತ್ತು ವರ್ಷ ರೊಟ್ಟಿ ಬೇಯಿಸಿದ ಕೈ ಇದು. ಇನ್ನೇನು ಉಳಿದಿದೆ ಸುಡೋಕೆ?"

"ಹೋಗ್ಬನ್ನಿ," ಎಂದಳು ಅಮೃತಮ್ಮ ಒಳಗಿನಿಂದ. "ಮನೇಲಿ ಕೂತು ನನ್ ತಲೆ ತಿನ್ನೋ ಬದ್ಲು ಅಲ್ಲಿ ಹೋಗಿ ಅವರ ತಲೆ ತಿನ್ನಿ."

ಅಂಗಳದಲ್ಲಿ ಕುರ್ಚಿ ಹಾಕಿ ಕೆಂಪರಾಜನನ್ನು ಕೂರಿಸಿದ್ದಾಯಿತು. ಮುದಸ್ಸಿರ್ ಎರಡು ದಿನ ರಜೆ ಹಾಕಿ, ಪ್ಯಾಂಟು ಮಡಚಿ, ಒಲೆಗೆ ಗಾಳಿ ಊದುವ ಚಕ್ರ ತಿರುಗಿಸಲು ಕೂತ. ತಾಹೇರಾ ದುಪಟ್ಟಾ ಬಿಗಿದು ಕಟ್ಟಿದಳು. ಮೊದಲು ಸಣ್ಣ ದೇಗು. ಹುಣಸೆಹಣ್ಣು, ಮರಳು ಹಾಕಿ ಒಳಗೆಲ್ಲ ಉಜ್ಜಿ, ತಾಮ್ರ ಹೊಸ ಕಾಸಿನಂತೆ ಹೊಳೆಯುವವರೆಗೆ ತೊಳೆದಳು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ದೇಗು ಕಾದಿತು. "ಈಗ ನವಸಾಗರ," ಎಂದ ಕೆಂಪರಾಜ್. ಚಿಟಿಕೆ ಪುಡಿ ಬಿತ್ತು, ಬಿಳಿ ಹೊಗೆ ಎದ್ದಿತು. "ತವರದ ಕಡ್ಡಿ ತಾಗಿಸಿ. ಹತ್ತಿ ಉಂಡೇಲಿ ಎಳೀರಿ, ಬೇಗ ಬೇಗ, ಮೇಲಕ್ಕೆ!"

ತಾಹೇರಾ ಎಳೆದಳು. ತವರ ಹರಡಲಿಲ್ಲ, ಗಂಟುಗಂಟಾಗಿ ಅಲ್ಲಲ್ಲೇ ಕೂತಿತು.

ಮತ್ತೆ ಉಜ್ಜಿ, ಮತ್ತೆ ಕಾಯಿಸಿ, ಮತ್ತೆ ಹಾಕಿದರು. ಈ ಸಲ ಕಾವು ಮಿತಿಮೀರಿ, ಹಾಕಿದ ತವರ ಹಳದಿ ತಿರುಗಿತು. ಮೂರನೆಯ ಸಲವೂ ಗಂಟು. ಗೇಟಿನ ಸಂದಿಯಿಂದ ಗುಜರಿಯವನು ಒಮ್ಮೆ ಇಣುಕಿ, ಪರಿಸ್ಥಿತಿ ಅನುಕೂಲವಾಗಿದೆ ಎಂದು ಕಂಡುಕೊಂಡು, ಸಲಾಂ ಹೇಳಿ ಹೋದ. ಹಾಳಾದವನ ಮುಖ ನೋಡಿ ತಾಹೇರಾಳಿಗೆ ಮೈಯೆಲ್ಲ ಉರಿಯಿತು.

ನಾಲ್ಕನೆಯ ಸಲ ಹೊಗೆ ಏಳುತ್ತಿದ್ದಂತೆ ಕೆಂಪರಾಜ್ ಕುರ್ಚಿಯಿಂದ ಅರ್ಧ ಎದ್ದು ಕೂಗಿದ: "ಎತ್ತ ನೋಡ್ತಿದ್ದೀರಾ ಅಮ್ಮ? ಕೈ ದೇಗಲ್ಲಿ, ಮುಖ ಗೋಡೇಲಿ! ಹೊಗೆ ಅಂತ ಹಿಂಗೆ ತಿರುಗಿಸ್ಕೊಂಡ್ರೆ ತವರ ಎಲ್ಲಿ ಓಡ್ತು ಅಂತ ಹೆಂಗೆ ಗೊತ್ತಾಗ್ಬೇಕು?"

ತಾಹೇರಾ ಕೈ ನಿಲ್ಲಿಸಿದಳು. ತನ್ನ ಮುಖ ಗೋಡೆಯ ಕಡೆಗಿದೆ ಎಂದು ಅವಳಿಗೇ ಆಗ ಅರಿವಾಯಿತು. ಮುದಸ್ಸಿರನ ಮುಖವೂ ಗೋಡೆಯ ಕಡೆಗೇ ಇತ್ತು.

"ಹೊಗೆಗಲ್ಲ ಕೆಂಪರಾಜಣ್ಣ," ಎಂದಳು. "ನೋಡಬಾರದು."

"ಏನು ನೋಡ್ಬಾರ್ದು?"

"ತವರ ಹಿಡಿಯೋ ಗಳಿಗೇಲಿ ನೋಡಬಾರದು. ಕಣ್ಣು ಬಿದ್ರೆ ಕಲಾಯಿ ನಿಲ್ಲಲ್ಲ, ಹಾಕೋರ ಕೈಗೆ ನಜರ್ ಆಗುತ್ತೆ. ಈ ಮನೆಗೆ ಬಂದ ಮೊದಲನೇ ವಾರಾನೇ ನಮ್ಮತ್ತೆ ನನ್ನ ಗದ್ದ ಹಿಡಿದು ತಿರುಗಿಸಿದ್ರು. ದೇಗಿನೋರೆಲ್ಲ ಹಂಗೇ. ಅಫ್ಜಲ್ ಭಾಯ್ ಮನೇಲೂ ಹಂಗೇ. ನಿಮ್ಮ ಕೈಗೆ ಏನೂ ಆಗ್ಬಾರ್ದು ಅಂತ."

ಕೆಂಪರಾಜ್ ಮೆಲ್ಲಗೆ ಕುರ್ಚಿಯಲ್ಲಿ ಕೂತ. ಚಕ್ರ ತಿರುಗಿಸುವುದನ್ನು ಮುದಸ್ಸಿರ್ ನಿಲ್ಲಿಸಿದ್ದ, ಇದ್ದಿಲ ಮೇಲೆ ಬೂದಿ ಕೂರತೊಡಗಿತ್ತು.

"ನಾನೇನ್ ಅಂದ್ಕೊಂಡಿದ್ದೆ ಗೊತ್ತಾ ಅಮ್ಮ?" ಎಂದ ಕೊನೆಗೆ. "ಇದು ಮಸಿ ಕೆಲಸ, ನಿಮಗೆಲ್ಲ ಹೇಸಿಗೆ ಅಂತ. ನಮ್ಮಪ್ಪಾನೂ ಅದೇ ಹೇಳ್ತಿದ್ದ. 'ಒಳ್ಳೆ ಜನ ಕಣೋ, ಊಟ ಹಾಕ್ತಾರೆ, ಹಬ್ಬಕ್ಕೆ ಬಟ್ಟೆ ಕೊಡ್ತಾರೆ, ಕೆಲಸ ಮಾತ್ರ ಕಣ್ಣೆತ್ತಿ ನೋಡಲ್ಲ. ಮನಸ್ಸಿಗೆ ಹಚ್ಕೋಬೇಡ' ಅಂತ. ಹಚ್ಕೊಳ್ಳಲಿಲ್ಲ. ಯಾರಿಗಾದ್ರೂ ಹೇಳ್ಕೊಡೋಣ ಅಂತ ಎಷ್ಟೋ ಸಲ ಅನ್ಸಿದ್ದುಂಟು. ನೋಡೋಕೇ ಹೇಸೋರಿಗೆ ಏನು ಹೇಳ್ಕೊಡೋದು ಅಂತ ಸುಮ್ನಾದೆ."

"ನಾವು, ನೀವು ಕೆಲಸದ ಗುಟ್ಟು ಬಿಟ್ಕೊಡಲ್ಲ ಅಂದ್ಕೊಂಡಿದ್ವಿ," ಎಂದಳು ತಾಹೇರಾ. "ಕೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಯಾರೂ ಕೇಳ್ಲಿಲ್ಲ."

"ಕೇಳಿದ್ರೆ ಹೇಳ್ಕೊಡ್ತಿದ್ದೆ ಅಮ್ಮ."

ತಾಹೇರಾ ಕೈಯಲ್ಲಿದ್ದ ಹತ್ತಿ ಕೆಳಗಿಟ್ಟಳು. ಈ ಮನುಷ್ಯನಿಗೆ ಎಷ್ಟು ತಟ್ಟೆ ಬಿರಿಯಾನಿ ಬಡಿಸಿದ್ದಾಳೆ, ಮಗಳ ಮದುವೆಗೆ ಸೀರೆ ಕಳಿಸಿದ್ದಾಳೆ, ಕೆಮ್ಮಿದರೆ ಕಷಾಯ ಮಾಡಿ ಕೊಟ್ಟಿದ್ದಾಳೆ. ಅಷ್ಟೆಲ್ಲ ಮಾಡಿದವಳು ವರ್ಷ ವರ್ಷವೂ ಅವನ ಎದುರಿಗೇ ಮುಖ ತಿರುಗಿಸಿಕೊಂಡು ನಿಂತಿದ್ದಾಳೆ, ಅವನು ಅದನ್ನು ನುಂಗಿಕೊಂಡು ಬಂದಿದ್ದಾನೆ. ಮರ್ಯಾದೆ ಎಂದುಕೊಂಡು ಮಾಡಿದ್ದು ಅವಮಾನವಾಗಿ ತಲುಪಿತ್ತು. ನಾಚಿಕೆ, ದುಃಖ ಎರಡೂ ಒಟ್ಟಿಗೇ ಬಂದವು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇಲ್ಲಿ ಹಿತ್ತಲ ಗಿಡವನ್ನು ಪೂಜೆ ಮಾಡಿಯೇ ಕಡೆಗಣಿಸಿದ್ದರು.

ಮಾತು ಇನ್ನೂ ಬೆಳೆಯುತ್ತಿತ್ತೋ ಏನೋ, ಕೆಂಪರಾಜನಿಗೆ ಒಲೆ ಕಂಡಿತು. "ಅಯ್ಯೋ, ಗಾಳಿ ಹೊಡಿಯಪ್ಪಾ, ಬೆಂಕಿ ಸಾಯ್ತಿದೆ!" ಎಂದು ಮುದಸ್ಸಿರನ ಮೇಲೆ ಹರಿಹಾಯ್ದ.

ಬೆಂಕಿ ಮತ್ತೆ ಎದ್ದಿತು. ತಾಹೇರಾಳಿಗೆ ಹೆದರಿಕೆ ಇಲ್ಲದಿರಲಿಲ್ಲ. ಅತ್ತೆಯ ಮಾತು ಅಷ್ಟು ಸುಲಭಕ್ಕೆ ಮೈಯಿಂದ ಬಿಡುವುದಲ್ಲ, ಅದರಲ್ಲೂ ಸತ್ತ ಅತ್ತೆಯ ಮಾತು. ಕೆಂಪರಾಜನ ಕೈ ಮುರಿದದ್ದೂ ಯಾರೋ ನೋಡಿದ್ದಕ್ಕೇ ಇರಬಹುದೇ ಎಂದೂ ಒಂದು ಗಳಿಗೆ ಅನ್ನಿಸಿತು. ಬಿಸ್ಮಿಲ್ಲಾ ಎಂದಳು. ಪುಡಿ ಎರಚಿದಳು, ಕಣ್ಣು ದೊಡ್ಡದು ಮಾಡಿ ದೇಗಿನ ಒಳಗೇ ನೋಡಿದಳು.

ಹೊಗೆ ಸರಿದ ಕೂಡಲೆ ತವರದ ಕಡ್ಡಿ ತಾಗಿದ ಕಡೆ ಒಂದು ಹನಿ ನಡುಗಿತು. ಹತ್ತಿ ಮುಟ್ಟಿದ್ದೇ ತಡ, ಹನಿ ಓಡಿತು. ಕೆಂಪು ತಾಮ್ರದ ಮೇಲೆ ಬಿಳುಪು ಹಾಲಿನ ಕೆನೆಯಂತೆ ಹಬ್ಬಿ, ಅವಳ ಕೈಗಿಂತ ಮುಂದೆ ಮುಂದೆ ಹೋಯಿತು. ಅದು ಎತ್ತ ಓಡುತ್ತದೆಂದು ಕಂಡರೆ ಕೈಯನ್ನು ಅತ್ತ ಒಯ್ಯುವುದು ಕಷ್ಟವೇ ಅಲ್ಲ. "ಅದೇ, ಅದೇ! ಬಿಡ್ಬೇಡಿ, ಹಿಂದೇನೇ ಹೋಗಿ!" ಎಂದು ಕೆಂಪರಾಜ್ ಕುರ್ಚಿಯ ತೋಳು ಬಡಿಯುತ್ತಿದ್ದ. ದೇಗಿನ ಒಳಗೆ ಅವಳ ಮುಖವೇ ಮಸುಕಾಗಿ ಕಾಣತೊಡಗಿತು. ತನ್ನ ಮನೆಯ ಅಂಗಳದಲ್ಲಿ, ತನ್ನ ಬೆನ್ನ ಹಿಂದೆ, ಇಷ್ಟು ವರ್ಷ ಇಂಥದ್ದೊಂದು ನಡೆಯುತ್ತಲೇ ಇತ್ತು. ಮಂಜೂರ್ ಇದನ್ನು ನೋಡದೆಯೇ ಹೋದನಲ್ಲ ಎಂದು ಅವಳಿಗೆ ಅಳು ಬಂತು. ಈ ಸಲ ಈರುಳ್ಳಿಯ ನೆಪವೂ ಇರಲಿಲ್ಲ, ಅತ್ತಳು. ಅಳುತ್ತಲೇ ಹತ್ತಿ ಎಳೆದಳು.

ಮದುವೆಯ ಹಿಂದಿನ ದಿನ ದೇಗುಗಳು ಬೆನ್ಸನ್ ಟೌನಿನಲ್ಲಿ ಇಳಿದವು. ಶರ್ಫುನ್ನೀಸಾ ಬೇಗಂ ಕೋಲೂರಿಕೊಂಡು ಬಂದು, ಮೊಮ್ಮಗಳ ಮೊಬೈಲಿನ ಬೆಳಕು ಹಿಡಿಸಿಕೊಂಡು, ಒಂದೊಂದರಲ್ಲೂ ತಲೆ ಹಾಕಿ ನೋಡಿದಳು. ಒಳಗೆ ಅಲೆ ಅಲೆಯಾಗಿ ಹತ್ತಿ ಎಳೆದ ಗುರುತಿತ್ತು.

"ಇದು ಕೆಂಪರಾಜನ ಕೈ ಅಲ್ಲ," ಎಂದಳು.

"ಅಲ್ಲ. ನನ್ನದು," ಎಂದಳು ತಾಹೇರಾ. ಮೊಣಕೈವರೆಗೆ ಬೊಬ್ಬೆಗಳಿದ್ದ ತೋಳನ್ನು ಮುಚ್ಚಿಕೊಳ್ಳಲು ನೋಡಿದಳು, ಮುದುಕಿ ಬಿಡಲಿಲ್ಲ. ಆ ತೋಳನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ದೇಗುಗಳನ್ನು ನೋಡಿದಳು. ಕಂಠದ ಹತ್ತಿರ ಕೆಂಪು ಉಳಿದಿದ್ದ ಒಂದನ್ನು ಮುಲಾಜಿಲ್ಲದೆ ವಾಪಸ್ ಕಳಿಸಿದಳು. ಉಳಿದವಕ್ಕೆ ಒಲೆ ಹಚ್ಚಿಸಿದಳು. ಮಾರನೆಯ ದಿನ ಬಿರಿಯಾನಿ ಉಂಡು ಎದ್ದವರಲ್ಲಿ ಇಬ್ಬರು ದೇಗು ಎಲ್ಲಿಯದೆಂದು ವಿಚಾರಿಸಿದರಂತೆ. ಗುಜರಿಯವನು ಆ ವಾರವೂ ಬಂದ. ಅವನಿಗೆ ಟೀ ಕುಡಿಸಿ, ಇನ್ನು ಬರುವುದು ಬೇಡ ಎಂದು ಹೇಳಿ ಕಳಿಸಿದವನು ಮುದಸ್ಸಿರ್.

ಆದರೆ ಅವನ ಬುದ್ಧಿ ಎಲ್ಲಿ ಹೋಗುತ್ತದೆ? ಅಂದು ಊಟಕ್ಕೆ ಕೂತಾಗ ಹೇಳಿದ: "ಪ್ರಾಬ್ಲಂ ಹಂಗೇ ಇದೆ ಅಮ್ಮೀ. ಮೊದ್ಲು ಅಂಕಲ್ ಒಬ್ರೇ ಇದ್ರು, ಈಗ ನೀವೊಬ್ರೇ. ನಿಮ್ ಮಂಡಿ ಕೈ ಕೊಟ್ರೆ?"

ಈ ಸಲ ತಾಹೇರಾ ಅವನ ಬಾಯಿ ಮುಚ್ಚಿಸಲಿಲ್ಲ. ಮಾರನೆಯ ಬೆಳಗ್ಗೆ ಅಫ್ಜಲ್‌ಗೆ ಫೋನು ಮಾಡಿದಳು. "ಅಲ್ಯೂಮಿನಿಯಂ ತರಿಸಿದ್ದು ಸಾಕು. ನಿಮ್ಮ ದೇಗು ತನ್ನಿ, ಹಾಕೋಣ. ಆದ್ರೆ ದೇಗಿನ ಜೊತೆ ನಿಮ್ಮ ಮನೆಯವರು ಒಬ್ರು ಬರ್ಬೇಕು, ಕೂತು ಕಲೀಬೇಕು. ಬರೀ ದೇಗು ತಂದ್ರೆ ಗೇಟು ತೆಗೆಯಲ್ಲ." ಪ್ರತಿಸ್ಪರ್ಧಿಗೆ ವಿದ್ಯೆ ಹೇಳಿಕೊಡುವ ಹುಚ್ಚಿ ಎಂದು ಗಲ್ಲಿಯವರು ಆಡಿಕೊಂಡರು. ಅವಳಿಗೆ ಗೊತ್ತಿತ್ತು, ಅಫ್ಜಲನ ಅಂಗಡಿ ತಾಮ್ರ ಬಿಟ್ಟರೆ ತವರ ತರಿಸುವವರೂ ಬಿಡುತ್ತಾರೆ, ಆಮೇಲೆ ತನ್ನದೊಂದೇ ಎಷ್ಟು ದಿನ ನಿಂತೀತು?

ಸೀಸನ್ ಮುಗಿದ ಮೇಲೆ ಅಫ್ಜಲ್ ಬಂದ, ಜೊತೆಗೆ ಸೊಸೆ ಮಿಸ್ಬಾ ಬಂದಳು. ಕೆಂಪರಾಜನೂ ಬಂದ. ಪ್ಲಾಸ್ಟರ್ ಬಿಚ್ಚಿತ್ತು, ಆದರೆ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ, ಹತ್ತಿ ಹಿಡಿದರೆ ಜಾರುತ್ತಿತ್ತು. ಇನ್ನು ಮಡಚುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಅವನನ್ನು ಮಧ್ಯಾಹ್ನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗಿದ್ದರಿಂದ ಅಮೃತಮ್ಮನೂ ಜೊತೆಗೆ ಬಂದು, ಬ್ಯಾಗು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಗಂಡನ ಮಸಿ ಅಂಗಿಗಳನ್ನು ಒಗೆಯುತ್ತಲೇ ವಯಸ್ಸು ಕಳೆದ ಹೆಂಗಸು ಈ ಅಂಗಳಕ್ಕೆ ಕಾಲಿಟ್ಟದ್ದು ಅದೇ ಮೊದಲು.

ದೇಗು ಕಾದಿತು. ತಾಹೇರಾ ಪುಡಿ ಎರಚಿದಳು, ಹೊಗೆ ಎದ್ದಿತು. ಅಫ್ಜಲನ ಮುಖ ತಟ್ಟನೆ ಗೋಡೆಗೆ ತಿರುಗಿತು, ಮಿಸ್ಬಾಳದೂ ತಿರುಗಿತು. "ಇತ್ತ ನೋಡ್ರೀ!" ಎಂದು ತಾಹೇರಾ ಗದರಿದಳು. ಇಬ್ಬರೂ ತಪ್ಪು ಮಾಡುವವರಂತೆ ಮೆಲ್ಲಗೆ ತಿರುಗಿದರು. ತಿರುಗಿದವರು ಮತ್ತೆ ಕಣ್ಣು ಕೀಳಲಿಲ್ಲ.

ಅಮೃತಮ್ಮನಿಗೆ ಈ ಯಾವ ಕಟ್ಟಳೆಯೂ ಗೊತ್ತಿರಲಿಲ್ಲ. ಅವಳು ಮೊದಲಿನಿಂದಲೂ ನೋಡುತ್ತಲೇ ಇದ್ದಳು. ತವರ ಓಡಿ, ಕೆಂಪು ದೇಗು ಒಳಗಿನಿಂದ ಬೆಳ್ಳಗಾಗುತ್ತ ಬಂದಂತೆ ಬ್ಯಾಗು ಕೆಳಗಿಟ್ಟು ಎದ್ದು, ಹತ್ತಿರ ಬಂದು ನಿಂತಳು.

"ಇಷ್ಟು ಚೆಂದ ಇರುತ್ತಾ ಇದು?" ಎಂದಳು ಗಂಡನಿಗೆ. "ಒಂದಿನಾನಾದ್ರೂ ಕರ್ಕೊಂಡ್ಬಂದು ತೋರಿಸ್ಬಾರ್ದಿತ್ತಾ ನಂಗೆ?"

ಕೆಂಪರಾಜ್ ಮಡಚಲಾರದ ಬೆರಳುಗಳನ್ನು ತೊಡೆಯ ಮೇಲಿಟ್ಟುಕೊಂಡು ದೇಗಿನ ಒಳಗೇ ನೋಡುತ್ತಿದ್ದ.

"ನಾನ್ ಹಾಕ್ತಿದ್ದಾಗ ಇನ್ನೂ ಚೆಂದ ಇರ್ತಿತ್ತು ಕಣೇ," ಎಂದ.

ಅದು ಜಂಬದ ಮಾತಲ್ಲ. ನಿಜವಾಗಿಯೂ ಇರುತ್ತಿತ್ತು. ನೋಡಿದವರು ಯಾರೂ ಇರಲಿಲ್ಲ, ಅಷ್ಟೆ.